ಕಂಡದ್ದನ್ನೇ ಮತ್ತೆ ಕಾಣುವ ಸುಖ

ಇಂದಿನ ಭಾಷಣದ ವಿಷಯ ಬೆರಗು. ಪುಸ್ತಕ, ಕಲೆ ಮತ್ತು ಸಾಕುಪ್ರಾಣಿ ಈ ಮೂರರ ಒಡನಾಟದಲ್ಲಿ ಮನುಷ್ಯನಿಗೆ ದೊರೆಯುವ ಬೆರಗನ್ನೂ ಅದರ ಬೆನ್ನಿಗೇ ಬರುವ ಆನಂದವನ್ನೂ ಕುರಿತು ಇಲ್ಲಿ ವಿಚಾರ ಮಾಡಲಾಗುತ್ತದೆ.

ಬೆರಗು ಹುಟ್ಟಬೇಕಾದರೆ ಅಪರೂಪದ ವಸ್ತು ಬೇಕು, ದೂರದ ಊರು ಬೇಕು, ಹಿಂದೆಂದೂ ಕಾಣದ ನೋಟ ಬೇಕು ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಭರತಮುನಿಯ ಹೆಸರಿನಲ್ಲಿರುವ ನಾಟ್ಯಶಾಸ್ತ್ರವು ಎಂಟು ರಸಗಳನ್ನು ಹೇಳುವಾಗ ಅದ್ಭುತವನ್ನೂ ಒಂದು ರಸವೆಂದು ಎಣಿಸಿ, ಅದಕ್ಕೆ ವಿಸ್ಮಯವೇ ಸ್ಥಾಯಿಭಾವ ಎಂದು ತಿಳಿಸುತ್ತದೆ. ಸ್ಥಾಯಿಭಾವವೆಂದರೆ ಮನಸ್ಸಿನಲ್ಲಿ ಸದಾ ನೆಲೆಸಿದ್ದು, ತಕ್ಕ ಕಾರಣ ಒದಗಿದಾಗ ಎಚ್ಚರಗೊಂಡು ರಸವಾಗುವ ಭಾವ. ದೇವತೆಗಳ ದರ್ಶನ, ಮಾಯೆ, ಇಂದ್ರಜಾಲ ಮುಂತಾದವು ವಿಸ್ಮಯಕ್ಕೆ ಕಾರಣಗಳೆಂದು ಶಾಸ್ತ್ರ ಪಟ್ಟಿಮಾಡುತ್ತದೆ. ಈ ಪಟ್ಟಿಯ ಒಲವು ಅಪರೂಪದ ಕಡೆಗೇ ಇದೆ. ಆದರೆ ಅಪರೂಪದ್ದಕ್ಕೆ ಒಂದು ಮಿತಿಯುಂಟು. ಎರಡನೆಯ ಸಲ ಕಂಡಾಗ ಅದು ಅಷ್ಟು ಅಪರೂಪವಾಗಿ ಉಳಿಯುವುದಿಲ್ಲ. ಹತ್ತನೆಯ ಸಲಕ್ಕೆ ಅದು ಕಣ್ಣಿಗೆ ಬೀಳುವುದೇ ಇಲ್ಲ.

ಹಾಗಾದರೆ ಬಹುಕಾಲ ಉಳಿಯುವ ಬೆರಗು ಎಲ್ಲಿಂದ ಬರುತ್ತದೆ? ಪರಿಚಿತವಾದದ್ದನ್ನು ಮತ್ತೊಮ್ಮೆ, ಹೊಸದಾಗಿ ನೋಡುವುದರಿಂದ ಬರುತ್ತದೆ ಎಂಬುದು ಈ ಭಾಷಣದ ವಾದ. ಈ ಮರುನೋಟ ತಾನಾಗಿ ಒದಗುವುದಿಲ್ಲ. ಅದಕ್ಕೆ ಶಿಲ್ಪಿ, ಕಥೆಗಾರ, ರೈತ ಎಲ್ಲರೂ ತಮ್ಮ ತಮ್ಮ ರೀತಿಯಲ್ಲಿ ಏರ್ಪಾಡು ಮಾಡಿಕೊಳ್ಳಬೇಕಾಗುತ್ತದೆ. ಅಂಥ ಏರ್ಪಾಡುಗಳು ಒತ್ತಾಗಿ ಸಿಗುವ ಒಂದು ಸೀಮೆ ಬಾಗಲಕೋಟೆ ಜಿಲ್ಲೆಯ ಮಲಪ್ರಭಾ ಕಣಿವೆ. ಬಾದಾಮಿಯಿಂದ ಸುಮಾರು ಐದು ಕಿಲೋಮೀಟರ್ ದೂರದಲ್ಲಿ, ಬನಶಂಕರಿ ದೇವಿಯ ಸನ್ನಿಧಿಯಿರುವ ಚೊಳಚಗುಡ್ಡವನ್ನು ನಡುವಿನ ನೆಲೆಯಾಗಿಟ್ಟುಕೊಂಡು ಸುತ್ತ ಕಣ್ಣಾಡಿಸಿದರೆ, ಕಲೆ, ಪುಸ್ತಕ ಮತ್ತು ಪ್ರಾಣಿ ಮೂರೂ ಒಂದೇ ನೆಲದಲ್ಲಿ ಹೆಣೆದುಕೊಂಡಿರುವುದು ತಿಳಿಯುತ್ತದೆ.

ಮೊದಲು ಕಲೆಯ ಮಾತು.

ಬಾದಾಮಿಯ ಕೆಂಪು ಮರಳುಗಲ್ಲಿನ ಬೆಟ್ಟದಲ್ಲಿ ನಾಲ್ಕು ಗುಹಾಲಯಗಳಿವೆ. ಗುಹಾಲಯವೆಂದರೆ ಕಲ್ಲುಗಳನ್ನು ಒಂದರ ಮೇಲೊಂದು ಇಟ್ಟು ಕಟ್ಟಿದ ಗುಡಿಯಲ್ಲ. ಇಡೀ ಬಂಡೆಯನ್ನು ಒಳಮುಖವಾಗಿ ಕೊರೆದು ತೆಗೆದ ಗುಡಿ. ಇವುಗಳಲ್ಲಿ ಮೂರನೆಯದನ್ನು ಚಾಲುಕ್ಯ ಮಂಗಲೇಶನು ಶಕವರ್ಷ 500ರಲ್ಲಿ, ಅಂದರೆ ಕ್ರಿ.ಶ. 578ರಲ್ಲಿ ಮಾಡಿಸಿದನೆಂದು ಅಲ್ಲಿಯ ಶಾಸನ ತಿಳಿಸುತ್ತದೆ. ಮೊದಲನೆಯ ಗುಹೆಯ ಮುಂಭಾಗದಲ್ಲಿ ಹದಿನೆಂಟು ತೋಳುಗಳ ನಟರಾಜನಿದ್ದಾನೆ. ಬಂದವರ ಕಣ್ಣು ಮೊದಲು ಆ ಕಡೆಗೇ ಹೋಗುವುದು ಸಹಜ. ಆದರೆ ಈ ಭಾಷಣಕ್ಕೆ ಬೇಕಾದದ್ದು ಅವನೆದುರಿನ ಬದಿಯಲ್ಲಿ, ದ್ವಾರಪಾಲಕನ ಪಾದದ ಕೆಳಗಿರುವ ಒಂದು ಸಣ್ಣ ಶಿಲ್ಪ.

ಕೇಳುಗರು ಅದನ್ನು ಮನಸ್ಸಿನಲ್ಲಿ ಹೀಗೆ ಕಟ್ಟಿಕೊಳ್ಳಬಹುದು. ಎರಡು ಪ್ರಾಣಿಗಳ ಒಡಲು ಎದುರುಬದುರಾಗಿ ನಿಂತಿವೆ. ಒಂದು ಆನೆಯದು, ಇನ್ನೊಂದು ಎತ್ತಿನದು. ನಡುವೆ ತಲೆ ಮಾತ್ರ ಒಂದೇ. ಎತ್ತಿನ ಒಡಲನ್ನು ಅಂಗೈಯಿಂದ ಮರೆಮಾಡಿದರೆ ಆ ತಲೆ ಆನೆಯದಾಗುತ್ತದೆ. ಆನೆಯ ಒಡಲನ್ನು ಮರೆಮಾಡಿದರೆ ಅದೇ ತಲೆ ಎತ್ತಿನದಾಗುತ್ತದೆ. ಶಿಲ್ಪಿಯು ಇಲ್ಲಿ ಯಾರೂ ಕಾಣದ ಪ್ರಾಣಿಯನ್ನು ಕಲ್ಪಿಸಲಿಲ್ಲ. ಎತ್ತು ಆ ಕಾಲದ ಮನೆಗಳ ಮುಂದೆ ಇತ್ತು; ಆನೆ ಅರಸನ ಪಡೆಯಲ್ಲಿ ಇತ್ತು. ಜನರು ಚೆನ್ನಾಗಿ ಬಲ್ಲ ಈ ಎರಡನ್ನು ಒಂದೇ ತಲೆಗೆ ಕೂಡಿಸಿ, ನೋಡುವವನು ತಾನು ಕಂಡದ್ದು ಸರಿಯೇ ಎಂದು ಇನ್ನೊಮ್ಮೆ ನೋಡಲೇಬೇಕಾದ ಸ್ಥಿತಿಯನ್ನು ಅವನು ನಿರ್ಮಿಸಿದ. ಆ ಎರಡನೆಯ ನೋಟದಲ್ಲಿ ಎತ್ತಿನ ಮುಖದ ತಿರುವು, ಆನೆಯ ನೆತ್ತಿಯ ದುಂಡು ಎರಡೂ ಮೊದಲ ಬಾರಿಗೆ ಕಂಡಂತೆ ಕಾಣುತ್ತವೆ.

ಗುಹೆಗಳ ಅಡಿಪಾಯದ ಪಟ್ಟಿಕೆಗಳಲ್ಲಿಯೂ ಇದೇ ಬಗೆಯ ವಿನೋದವಿದೆ. ಪಟ್ಟಿಕೆಯೆಂದರೆ ಗೋಡೆಯ ಉದ್ದಕ್ಕೂ ಸಾಲಾಗಿ ಸಾಗುವ ಕೆತ್ತನೆಯ ಅಂಚು. ಅಲ್ಲಿ ಶಿವಗಣಗಳಾದ ಕುಳ್ಳರು ಕುಣಿಯುತ್ತಾರೆ, ವಾದ್ಯ ನುಡಿಸುತ್ತಾರೆ, ಡೊಳ್ಳುಹೊಟ್ಟೆ ಮುಂದೆ ಮಾಡಿಕೊಂಡು ನಗೆಯಾಡುತ್ತಾರೆ. ಕೆಲವರಿಗೆ ಪ್ರಾಣಿಗಳ ಮುಖಗಳೂ ಇವೆ. ದೊಡ್ಡ ದೇವರುಗಳ ಗಾಂಭೀರ್ಯದ ಕೆಳಗೆ, ಮಕ್ಕಳ ಕಣ್ಣಿನ ಮಟ್ಟಕ್ಕೆ ಸರಿಯಾಗಿ, ಶಿಲ್ಪಿಗಳು ನಗುವಿಗೂ ಜಾಗವಿಟ್ಟಿದ್ದಾರೆ.

ಕಲೆಯೆಂದರೆ ಗುಹೆ, ಗುಡಿ ಮಾತ್ರವಲ್ಲ. ಇದೇ ಜಿಲ್ಲೆಯ ಇಳಕಲ್ಲಿನ ಸೀರೆಗೆ ಕಸೂತಿ ಹಾಕುವ ಹೆಣ್ಣುಮಗಳು ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ಎಳೆಗಳನ್ನು ಎಣಿಸುತ್ತ ಸೂಜಿ ನಡೆಸುತ್ತಾಳೆ. ಗವಂತಿ ಎಂಬ ಹೊಲಿಗೆಯಲ್ಲಿ ದಾರವು ಒಮ್ಮೆ ಎಡೆಬಿಟ್ಟು ಹೋಗಿ, ಹಿಂದಿರುಗುವಾಗ ಬಿಟ್ಟ ಎಡೆಯನ್ನು ತುಂಬುತ್ತ ಬರುವುದರಿಂದ, ಬಟ್ಟೆಯ ಒಳಮೈಯೂ ಹೊರಮೈಯೂ ಒಂದೇ ತೆರನಾಗಿ ಕಾಣುತ್ತವೆ. ಹೀಗೆ ಮೂಡುವ ಆಕೃತಿಗಳು ತೇರು, ಗೋಪುರ, ತುಳಸಿ ವೃಂದಾವನ, ಆನೆ, ನವಿಲು, ಗಿಳಿ. ಇವೆಲ್ಲವೂ ಜಾತ್ರೆಯಲ್ಲಿ, ಅಂಗಳದಲ್ಲಿ, ಹೊಲದಲ್ಲಿ ಅವಳು ಕಂಡವುಗಳೇ. ಎಳೆಗಳ ಲೆಕ್ಕಕ್ಕೆ ಒಗ್ಗಿಸಿದಾಗ ಗಿಳಿಯ ಕೊಕ್ಕಿನ ಬಾಗು ಎಷ್ಟು ಮೆಟ್ಟಿಲಾಗಬೇಕೆಂಬುದನ್ನು ಅವಳು ಯೋಚಿಸಬೇಕಾಗುತ್ತದೆ. ಯೋಚಿಸಿದ ಮೇಲೆ ಗಿಡದ ಮೇಲಿನ ಗಿಳಿ ಅವಳಿಗೆ ಮೊದಲಿನಂತೆ ಕಾಣುವುದಿಲ್ಲ.

ಇಲ್ಲಿಯವರೆಗಿನ ಮಾತಿನ ಸಾರ ಇಷ್ಟು. ಕಲೆಯು ಇಲ್ಲದ್ದನ್ನು ತಂದು ತೋರಿಸಿ ಬೆರಗು ಹುಟ್ಟಿಸಬೇಕಾಗಿಲ್ಲ. ಇರುವುದರ ಎದುರು ನಮ್ಮನ್ನು ಇನ್ನೊಂದು ಗಳಿಗೆ ನಿಲ್ಲಿಸಿದರೆ ಸಾಕು. ಇನ್ನು ಎರಡನೆಯ ಅಂಶಕ್ಕೆ, ಪುಸ್ತಕಕ್ಕೆ ಬರಬಹುದು. ಕಲ್ಲಿನಿಂದ ಪುಸ್ತಕಕ್ಕೆ ಹೋಗುವ ದಾರಿಯೂ ಇದೇ ಕಣಿವೆಯಲ್ಲಿದೆ.

ಮಲಪ್ರಭೆಯ ದಂಡೆಯ ಪಟ್ಟದಕಲ್ಲು 1987ರಿಂದ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಯಲ್ಲಿದೆ. ಅಲ್ಲಿಯ ವಿರೂಪಾಕ್ಷ ದೇವಾಲಯವನ್ನು ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿಯೂ, ಅದರ ಮಗ್ಗುಲಿನ ಮಲ್ಲಿಕಾರ್ಜುನ ದೇವಾಲಯವನ್ನು ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯೂ ಎಂಟನೆಯ ಶತಮಾನದ ನಡುಭಾಗದಲ್ಲಿ ಕಟ್ಟಿಸಿದರು. ವಿರೂಪಾಕ್ಷದ ಸೂತ್ರಧಾರಿಯಾದ, ಅಂದರೆ ಮುಖ್ಯ ವಾಸ್ತುಶಿಲ್ಪಿಯಾದ ಗುಂಡ ಅನಿವಾರಿತಾಚಾರಿಯ ಹೆಸರು ಶಾಸನದಲ್ಲಿ ಗೌರವದಿಂದ ದಾಖಲಾಗಿದೆ. ಮಲ್ಲಿಕಾರ್ಜುನದ ಕಂಬಗಳ ಮೇಲೆ ರಾಮಾಯಣ, ಮಹಾಭಾರತ, ಭಾಗವತಗಳ ಪ್ರಸಂಗಗಳೊಂದಿಗೆ ಪಂಚತಂತ್ರದ ಕಥೆಗಳೂ ಕೆತ್ತನೆಗೊಂಡಿವೆ. ಪಂಚತಂತ್ರವೆಂದರೆ ಪ್ರಾಣಿಗಳ ಮಾತು ಮತ್ತು ನಡತೆಯ ಮೂಲಕ ಲೋಕನೀತಿಯನ್ನೂ ರಾಜನೀತಿಯನ್ನೂ ಕಲಿಸುವ ಕಥಾಮಾಲೆ. ಓದು ಬಾರದವನೂ ಓದಬಹುದಾದ ಪುಸ್ತಕವಾಗಿ ಆ ಕಂಬಗಳು ನಿಂತವು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಇಬ್ನ್ ಅಲ್ ಮುಕಫ್ಫ ಎಂಬ ವಿದ್ವಾಂಸನು ಇದೇ ಕಥೆಗಳನ್ನು ಪಹ್ಲವಿಯಿಂದ, ಅಂದರೆ ಮಧ್ಯ ಪರ್ಷಿಯನ್ನಿನಿಂದ, ಅರಬ್ಬಿಗೆ ತಂದು 'ಕಲೀಲಾ ಮತ್ತು ದಿಮ್ನಾ' ಎಂಬ ಕೃತಿಯನ್ನು ರಚಿಸಿದ. ಕಲೀಲಾ, ದಿಮ್ನಾ ಎಂಬುವು ನಮ್ಮ ಕರಟಕ, ದಮನಕ ಎಂಬ ನರಿಗಳೇ. ಒಂದೇ ಕಥೆ ಒಂದು ಕಡೆ ಪುಸ್ತಕದ ಹಾಳೆಯ ಮೇಲೆಯೂ ಇನ್ನೊಂದು ಕಡೆ ಮರಳುಗಲ್ಲಿನ ಮೇಲೆಯೂ ಇಳಿಯುತ್ತಿತ್ತು.

ಕಂಬದ ಕಥೆ ಕನ್ನಡದ ಪುಸ್ತಕವಾಗುವುದಕ್ಕೆ ಮೂರು ಶತಮಾನಗಳಷ್ಟು ಕಾಲ ಹಿಡಿಯಿತು. ಕಲ್ಯಾಣ ಚಾಲುಕ್ಯ ಅರಸ ಜಗದೇಕಮಲ್ಲ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು ಸುಮಾರು 1031ರಲ್ಲಿ ಕನ್ನಡ ಪಂಚತಂತ್ರವನ್ನು ರಚಿಸಿದ. ಸಂಧಿವಿಗ್ರಹಿಯೆಂದರೆ ಯುದ್ಧ ಮತ್ತು ಒಪ್ಪಂದಗಳ ವ್ಯವಹಾರ ನೋಡುವ ಮಂತ್ರಿ. ಗಮನಿಸಬೇಕಾದ ಸಂಗತಿಯೆಂದರೆ ಈ ಕವಿ ಕಿಸುಕಾಡು ನಾಡಿನ ಸಯ್ಯಡಿ ಎಂಬ ಅಗ್ರಹಾರದವನು. ಕಿಸುಕಾಡು ಎಂಬುದು ಪಟ್ಟದಕಲ್ಲಿನ ಸುತ್ತಣ ಸೀಮೆಯ ಹಳೆಯ ಹೆಸರು. ಸಯ್ಯಡಿಯನ್ನು ಇಂದಿನ ರೋಣ ತಾಲ್ಲೂಕಿನ ಸವಡಿಯೆಂದು ವಿದ್ವಾಂಸರು ಗುರುತಿಸುತ್ತಾರೆ. ಕವಿರಾಜಮಾರ್ಗವು ಕನ್ನಡದ ತಿರುಳನ್ನು ಹೇಳುವಾಗ ಎಣಿಸುವ ಸ್ಥಳಗಳಲ್ಲಿ ಕಿಸುವೊಳಲು, ಅಂದರೆ ಪಟ್ಟದಕಲ್ಲು, ಸೇರಿದೆ. ಗುಡಿಯ ಕಂಬದ ಮೇಲೆ ಆ ಕಥೆಗಳನ್ನು ಕೆತ್ತಿದ ಸೀಮೆಯೇ ಅವುಗಳನ್ನು ಕನ್ನಡದಲ್ಲಿ ಬರೆಯುವ ಕವಿಯನ್ನೂ ಕೊಟ್ಟಿತು.

ದುರ್ಗಸಿಂಹನು ಪ್ರಸಿದ್ಧವಾದ ವಿಷ್ಣುಶರ್ಮನ ಪಾಠವನ್ನು ಅನುಸರಿಸದೆ ವಸುಭಾಗಭಟ್ಟನ ಸಂಸ್ಕೃತ ಪಾಠವನ್ನು ಅನುಸರಿಸಿದ. ಅವನ ಕೃತಿ ಚಂಪೂ ರೂಪದಲ್ಲಿದೆ. ಗದ್ಯಪದ್ಯಗಳು ಬೆರೆತ ಕಾವ್ಯಕ್ಕೆ ಚಂಪೂ ಎಂದು ಹೆಸರು. ಭೇದ, ಪರೀಕ್ಷೆ, ವಿಶ್ವಾಸ, ವಂಚನೆ, ಮಿತ್ರಕಾರ್ಯ ಎಂಬ ಐದು ಪ್ರಕರಣಗಳು ಅದರಲ್ಲಿವೆ. ಈ ಪಾಠದ ಬಳಗ ಬಹಳ ದೂರದವರೆಗೆ ಹಬ್ಬಿದೆ. ಜಾವಾದ್ವೀಪದ ತಂತ್ರಿ ಕಥೆಗಳಿಗೂ ಕನ್ನಡದ ಈ ಕೃತಿಗೂ ಹತ್ತಿರದ ನಂಟಿದೆ.

ಪಂಚತಂತ್ರದ ಮೊದಲ ಕಥೆಯಲ್ಲಿಯೇ ಈ ಭಾಷಣದ ವಾದಕ್ಕೆ ಒಳ್ಳೆಯ ಆಧಾರವಿದೆ. ವ್ಯಾಪಾರಿಯೊಬ್ಬನ ಬಂಡಿಯ ಎತ್ತು ದಾರಿಯಲ್ಲಿ ಕುಸಿದು, ಕಾಡಿನ ಪಾಲಾಗಿ, ಹಸಿರು ಮೇಯ್ದು ಚೇತರಿಸಿಕೊಂಡು ಗುಟುರು ಹಾಕುತ್ತದೆ. ನೀರಿಗೆ ಬಂದ ಸಿಂಹ ಆ ಸದ್ದಿಗೆ ಬೆಚ್ಚಿ ನಿಲ್ಲುತ್ತದೆ. ಕೊಟ್ಟಿಗೆಯಲ್ಲಿ ಯಾರೂ ತಲೆಯೆತ್ತಿ ಕೇಳದ ಎತ್ತಿನ ಗುಟುರು ಕಾಡಿನಲ್ಲಿ ಮೃಗರಾಜನ ಎದೆ ನಡುಗಿಸುತ್ತದೆ. ಸದ್ದು ಒಂದೇ, ಕೇಳುವ ಕಿವಿ ಬೇರೆ. ಓದುಗನು ಸಿಂಹದ ಕಿವಿಯಿಂದ ಆ ಸದ್ದನ್ನು ಕೇಳುವಂತೆ ಮಾಡುವುದೇ ಕಥೆಗಾರನ ಕೌಶಲ. ಪುಸ್ತಕದಲ್ಲಿ ಸಿಂಹವಾಗಿ ಕೇಳಿ ಬಂದವನಿಗೆ ಮನೆಯ ಹಿತ್ತಲಿನ ಎತ್ತಿನ ದನಿಯೂ ಕೆಲವು ದಿನಗಳ ಮಟ್ಟಿಗಾದರೂ ಬೇರೆಯಾಗಿ ಕೇಳುತ್ತದೆ.

ಹೊಸ ಕಾಲದ ಕನ್ನಡ ಲೇಖಕರೂ ಇದೇ ಕೆಲಸವನ್ನು ಬೇರೆ ಬಗೆಯಲ್ಲಿ ಮಾಡಿದ್ದಾರೆ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' 1967ರಲ್ಲಿ ಪ್ರಕಟವಾಯಿತು. ಆ ಮಹಾಕಾದಂಬರಿಯಲ್ಲಿ ಗುತ್ತಿ ಎಂಬವನ ನಾಯಿ ಹುಲಿಯನಿಗೆ ಮನುಷ್ಯಪಾತ್ರಗಳಷ್ಟೇ ತೂಕವಿದೆ. ತುಂಗೆಯ ಪ್ರವಾಹದಲ್ಲಿ ಅದು ಕೊಚ್ಚಿಹೋಗುವ ಪ್ರಸಂಗವನ್ನು ಓದಿದವರು ಅದನ್ನು ಮರೆಯುವುದಿಲ್ಲ. ಪೂರ್ಣಚಂದ್ರ ತೇಜಸ್ವಿಯವರು 'ಪರಿಸರದ ಕತೆ'ಯಲ್ಲಿ ಕಿವಿ ಎಂಬ ತಮ್ಮ ನಾಯಿಯನ್ನು ಕನ್ನಡದ ಮನೆಮನೆಗೂ ಪರಿಚಯಿಸಿದರು. 1980ರ 'ಕರ್ವಾಲೊ' ಕಾದಂಬರಿಯಲ್ಲಿ ವಿಜ್ಞಾನಿ ಕರ್ವಾಲೊ ಹುಡುಕುವುದು ಹಾರುವ ಓತಿಯನ್ನು. ಆದರೆ ಆ ಓತಿಯನ್ನು ಕಂಡವನು ಮಂದಣ್ಣ, ಊರವರೆಲ್ಲ ಉಡಾಳನೆಂದು ಬದಿಗಿಟ್ಟ ಹಳ್ಳಿಯ ಹುಡುಗ. ಓದಿದವರ ಕಣ್ಣಿಗೆ ಬೀಳದ್ದು ನೋಡುವ ಅಭ್ಯಾಸವಿದ್ದವನ ಕಣ್ಣಿಗೆ ಬಿತ್ತು. ಪುಸ್ತಕವು ನೋಟಕ್ಕೆ ಬದಲಿಯಲ್ಲ, ನೋಟಕ್ಕೆ ಪ್ರೇರಣೆ ಎಂಬುದನ್ನು ಆ ಪಾತ್ರ ನೆನಪಿಸುತ್ತದೆ.

ಕೇಳುಗರೇ, ಈವರೆಗೆ ಎರಡು ಮಾತು ಮುಗಿದವು. ಶಿಲ್ಪವು ಕಣ್ಣನ್ನು ಮತ್ತೆ ನೋಡುವಂತೆ ಮಾಡುತ್ತದೆ; ಪುಸ್ತಕವು ಬೇರೆಯವರ ಕಣ್ಣು ಕಿವಿಗಳನ್ನು ಎರವಲು ಕೊಡುತ್ತದೆ. ಮೂರನೆಯ ಮಾತು ಸಾಕುಪ್ರಾಣಿಯದು. ಶಿಲ್ಪ ಮತ್ತು ಪುಸ್ತಕಗಳಲ್ಲಿ ಇಲ್ಲದ ಒಂದು ಗುಣ ಇದಕ್ಕಿದೆ. ಇದು ನಮ್ಮನ್ನು ತಿರುಗಿ ನೋಡುತ್ತದೆ.

ಜಪಾನಿನ ಅಜಾಬು ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ನಾಯಿಯೂ ಅದರ ಒಡೆಯನೂ ಪರಸ್ಪರ ಕಣ್ಣಲ್ಲಿ ಕಣ್ಣಿಟ್ಟು ನೋಡಿದಾಗ ಇಬ್ಬರ ಮೈಯಲ್ಲಿಯೂ ಆಕ್ಸಿಟೋಸಿನ್ ಎಂಬ ರಸದೂತದ ಪ್ರಮಾಣ ಏರುತ್ತದೆಂದು ತೋರಿಸಿತು. ರಸದೂತವೆಂದರೆ ಮೈಯ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಸೂಚನೆ ಒಯ್ಯುವ ರಾಸಾಯನಿಕ; ಆಕ್ಸಿಟೋಸಿನ್ ತಾಯಿ ಮಗುವಿನ ನಡುವಣ ಬೆಸುಗೆಯಲ್ಲಿಯೂ ಕೆಲಸ ಮಾಡುತ್ತದೆ. ನೋಟ ಎರಡೂ ಕಡೆಯಿಂದ ಬಂದಾಗ ಆನಂದವೂ ಎರಡೂ ಕಡೆ ಹುಟ್ಟುತ್ತದೆ ಎಂಬುದಕ್ಕೆ ಇದು ಶರೀರಶಾಸ್ತ್ರದ ಸಾಕ್ಷಿ.

ಮಲಪ್ರಭೆಯ ಸೀಮೆಯಲ್ಲಿ ಮನೆಯ ಪ್ರಾಣಿಯೆಂದರೆ ಮೊದಲು ನೆನಪಾಗುವುದು ಎತ್ತು. ಬಿಳಿಯ ಮೈ, ಹಿಂದಕ್ಕೆ ಬಾಗಿದ ಉದ್ದ ಕೋಡುಗಳ ಖಿಲಾರಿ ಎತ್ತು ಇಲ್ಲಿಯ ರೈತನ ಹೆಮ್ಮೆ. ಅದು ದುಡಿಯುವ ಪ್ರಾಣಿ. ದಿನವೂ ನೊಗಕ್ಕೆ ಹೂಡುವುದನ್ನು ದಿನವೂ ಬೆರಗಿನಿಂದ ನೋಡುವುದು ಯಾರಿಗೂ ಆಗದ ಮಾತು. ಅದಕ್ಕಾಗಿಯೇ ವರ್ಷದಲ್ಲಿ ಒಂದು ದಿನವನ್ನು ಗೊತ್ತುಮಾಡಿಕೊಂಡಿದ್ದಾರೆ. ಜ್ಯೇಷ್ಠ ಮಾಸದ ಕಾರಹುಣ್ಣಿಮೆಯಂದು ಎತ್ತುಗಳ ಮೈತೊಳೆದು, ಕೋಡುಗಳಿಗೆ ಬಣ್ಣ ಬಳಿದು, ಕೋಡಣಸು ತೊಡಿಸಿ, ಬೆನ್ನ ಮೇಲೆ ಜೂಲ ಹೊದಿಸಿ, ಕೊರಳಿಗೆ ಗೆಜ್ಜೆಸರ ಕಟ್ಟುತ್ತಾರೆ. ಕೋಡಣಸು ಕೋಡಿನ ತುದಿಗೆ ಹಾಕುವ ಲೋಹದ ಆಭರಣ. ಜೂಲ ಬಣ್ಣದ ಹೊದಿಕೆ. ಸಂಜೆ ಎತ್ತುಗಳನ್ನು ಓಡಿಸಿ ಕರಿ ಹರಿಯುತ್ತಾರೆ, ಅಂದರೆ ಊರಬಾಗಿಲಿಗೆ ಕಟ್ಟಿದ ತೋರಣವನ್ನು ಹರಿಸುತ್ತಾರೆ. ಮೊದಲು ದಾಟಿದ ಎತ್ತಿನ ಬಣ್ಣವನ್ನು ನೋಡಿ ಆ ವರ್ಷ ಯಾವ ಬೆಳೆ ಚೆನ್ನಾಗಿ ಬರುವುದೆಂದು ಹಿರಿಯರು ಹೇಳುತ್ತಾರೆ. ವರ್ಷವಿಡೀ ದುಡಿದದ್ದು ಅದೇ ಎತ್ತು. ಆ ಸಂಜೆ ಮಾತ್ರ ಇಡೀ ಊರಿನ ಕಣ್ಣು ಅದರ ಮೇಲೆ.

ಹದಿನೈದು ದಿನಗಳ ಮೇಲೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಅಂದು ಮಕ್ಕಳು ಎರೆಮಣ್ಣು ತಂದು ನಾದಿ ಎತ್ತುಗಳನ್ನು ಮಾಡುತ್ತಾರೆ, ಮುಂದೆ ಒಂದು ಗೋದಲಿಯನ್ನೂ ಮಾಡುತ್ತಾರೆ. ಗೋದಲಿಯೆಂದರೆ ದನಕ್ಕೆ ಮೇವು ಹಾಕುವ ತೊಟ್ಟಿ. ಜಗಲಿಯ ಮೇಲಿಟ್ಟು ಪೂಜಿಸಿ ಎಡೆ ಹಿಡಿಯುತ್ತಾರೆ. ಮಣ್ಣಿನಲ್ಲಿ ಎತ್ತು ಮಾಡಲು ಕುಳಿತ ಹುಡುಗನಿಗೆ ಹಿಣಿಲು ಎಲ್ಲಿ ಏಳುತ್ತದೆ, ಕೊರಳ ಗಂಗೆದೊಗಲು ಎಲ್ಲಿಯವರೆಗೆ ಇಳಿಯುತ್ತದೆ ಎಂಬ ಪ್ರಶ್ನೆ ಮೊದಲ ಬಾರಿ ಏಳುತ್ತದೆ. ಉತ್ತರಕ್ಕಾಗಿ ಅವನು ಕೊಟ್ಟಿಗೆಗೆ ಹೋಗಿ ನೋಡಿ ಬರಬೇಕು. ಶಿಲ್ಪಕಲೆಯ ಮೊದಲ ಪಾಠವೂ ಪ್ರಾಣಿಪ್ರೀತಿಯ ಮೊದಲ ಪಾಠವೂ ಅಲ್ಲಿ ಒಟ್ಟಿಗೆ ಆಗುತ್ತವೆ. ರೂಪ ಮೂಡಿಸುವ ಈ ಅಭ್ಯಾಸ ಇಲ್ಲಿ ಹೊಸದಲ್ಲ. ಬಾದಾಮಿಯ ಹತ್ತಿರದ ಸಿಡಿಲಪಡಿಯಂಥ ಕಲ್ಲಾಸರೆಗಳಲ್ಲಿ ಇತಿಹಾಸಪೂರ್ವ ಕಾಲದ ಜನರು ಬಂಡೆಯ ಮೇಲೆ ಬಣ್ಣದಿಂದ ಚಿತ್ರ ಬರೆದಿದ್ದಾರೆ. ಗುಹಾಲಯಗಳಿಗಿಂತ ಎಷ್ಟೋ ಹಿಂದೆಯೇ ಈ ಕಣಿವೆಯ ಕೈಗೆ ರೂಪ ಮೂಡಿಸುವ ಹಂಬಲವಿತ್ತು.

ಎತ್ತಿನ ನಂತರ ನಾಯಿ. ಇದೇ ಜಿಲ್ಲೆಯ ಮುಧೋಳದ ನಾಯಿ ನೋಟಬೇಟೆಯ ತಳಿಗೆ ಸೇರಿದ್ದು. ಅಂದರೆ ವಾಸನೆಗಿಂತ ಮುಖ್ಯವಾಗಿ ಕಣ್ಣಿನಿಂದ ಬೇಟೆಯನ್ನು ಗುರುತಿಸಿ ಅಟ್ಟುವಂಥದ್ದು. ಉದ್ದ ಮೂತಿ, ಆಳವಾದ ಎದೆ, ಒಳಸೇರಿದ ಹೊಟ್ಟೆ, ಸಪೂರ ಕಾಲು ಅದರ ಲಕ್ಷಣ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಬೆಳೆಸಿ, ಬ್ರಿಟನ್ನಿನ ದೊರೆ ಐದನೆಯ ಜಾರ್ಜ್‌ಗೆ ಒಂದು ಜೊತೆಯನ್ನು ಉಡುಗೊರೆಯಾಗಿ ಕೊಟ್ಟರು. 2005ರಲ್ಲಿ ಭಾರತೀಯ ಅಂಚೆ ಇಲಾಖೆ ದೇಶೀ ನಾಯಿತಳಿಗಳ ಅಂಚೆಚೀಟಿಗಳನ್ನು ತಂದಾಗ ಅವುಗಳಲ್ಲಿ ಮುಧೋಳದ ನಾಯಿಯೂ ಇತ್ತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಆದರೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಓಡುವುದಕ್ಕೇ ಹುಟ್ಟಿದ ನಾಯಿಯನ್ನು ಪ್ರತಿಷ್ಠೆಗಾಗಿ ತಂದು ಸರಪಳಿಯಲ್ಲಿ ಕಟ್ಟಿದರೆ ನಾಯಿಗೂ ಸುಖವಿಲ್ಲ, ಸಾಕಿದವನಿಗೂ ಇಲ್ಲ. ಪ್ರಾಣಿಯಿಂದ ಬರುವ ಆನಂದ ಅದನ್ನು ಹೊಂದುವುದರಿಂದ ಬರುವಂಥದ್ದಲ್ಲ. ಅದರ ಸ್ವಭಾವವನ್ನು ಅರಿತು ಅದಕ್ಕೆ ತಕ್ಕಂತೆ ನಡೆದುಕೊಳ್ಳುವುದರಿಂದ ಬರುವಂಥದ್ದು.

ಕಲೆ, ಪುಸ್ತಕ, ಪ್ರಾಣಿ ಎಂದು ಮೂರನ್ನೂ ಬೇರೆ ಬೇರೆಯಾಗಿ ನೋಡಿದ್ದಾಯಿತು. ಈ ಮೂರೂ ಕೂಡಿ ಬರುವುದನ್ನು ಎರಡು ನಿದರ್ಶನಗಳಿಂದ ವಿವರಿಸಬಹುದು. ಒಂದು ಚೊಳಚಗುಡ್ಡದ ಜಾತ್ರೆ. ಇನ್ನೊಂದು ದಕ್ಷಿಣದ ಒಂದು ಶಾಸನ.

ಪುಷ್ಯ ಮಾಸದ ಬನದ ಹುಣ್ಣಿಮೆಗೆ ಬನಶಂಕರಿಯ ತೇರು ಎಳೆಯುತ್ತಾರೆ. ದೇವಿಯದು ಕಪ್ಪು ಕಲ್ಲಿನ ವಿಗ್ರಹ, ಎಂಟು ಕೈ, ವಾಹನ ಸಿಂಹ. ಗುಡಿಯ ಮುಂದೆ ಹರಿದ್ರಾತೀರ್ಥವೆಂಬ ಚೌಕಾಕಾರದ ದೊಡ್ಡ ಹೊಂಡವಿದೆ. ಅದರ ಬದಿಗಳಲ್ಲಿ ಕಲ್ಲುಕಂಬಗಳ ಪಡಸಾಲೆ ಸಾಗುತ್ತದೆ. ಈ ದೇವಿಗೆ ಶಾಕಾಂಬರಿಯೆಂಬ ಹೆಸರೂ ಉಂಟು; ಸೊಪ್ಪು ತರಕಾರಿಗಳಿಂದ ಲೋಕವನ್ನು ಪೊರೆದವಳು ಎಂದು ಅದರ ಅರ್ಥ. ಆದ್ದರಿಂದ ಪಲ್ಯದ ಹಬ್ಬದಂದು ನೂರೆಂಟು ಬಗೆಯ ತರಕಾರಿಯ ಅಡುಗೆಯನ್ನು ನೈವೇದ್ಯ ಮಾಡುತ್ತಾರೆ. ದಿನದ ಊಟದಲ್ಲಿ ರೊಟ್ಟಿಯ ಬದಿಗೆ ಸುಮ್ಮನೆ ಬಂದು ಹೋಗುವ ಪಲ್ಯ ಅಂದು ದೇವರ ಮುಂದಿನ ನೋಟವಾಗುತ್ತದೆ. ಹತ್ತಿರದ ಬಯಲಿನಲ್ಲಿ ದನಗಳ ಜಾತ್ರೆ ಕೂಡುತ್ತದೆ. ಕೆತ್ತನೆಯ ಮರದ ಬಾಗಿಲು ಚೌಕಟ್ಟುಗಳು ಮಾರಾಟಕ್ಕೆ ಬರುತ್ತವೆ.

ಇವೆಲ್ಲಕ್ಕಿಂತ ಹೆಚ್ಚಾಗಿ ಈ ಜಾತ್ರೆಗೆ ಹೆಸರು ತಂದದ್ದು ನಾಟಕ ಕಂಪನಿಗಳು. ವೃತ್ತಿರಂಗಭೂಮಿಯ, ಅಂದರೆ ನಾಟಕವನ್ನೇ ಜೀವನೋಪಾಯವಾಗಿ ನಡೆಸುವ ಮಂಡಳಿಗಳ, ಹಲವು ತಂಡಗಳು ಇಲ್ಲಿ ಡೇರೆ ಹಾಕಿ ವಾರಗಟ್ಟಲೆ ಆಟವಾಡುತ್ತವೆ. ಹುನಗುಂದ ಸೀಮೆ ಈ ರಂಗಭೂಮಿಗೆ ದೊಡ್ಡ ನಾಟಕಕಾರರನ್ನು ಕೊಟ್ಟಿದೆ. ಕಂದಗಲ್ಲ ಹನುಮಂತರಾಯರ 'ರಕ್ತರಾತ್ರಿ'ಯ ವಸ್ತು ಮಹಾಭಾರತದ ಯುದ್ಧದ ಕೊನೆಯ ಘೋರ ರಾತ್ರಿ. ಅಶ್ವತ್ಥಾಮನು ಏನು ಮಾಡುತ್ತಾನೆಂದು ಟಿಕೆಟ್ ಕೊಂಡ ಪ್ರತಿಯೊಬ್ಬನಿಗೂ ಮೊದಲೇ ಗೊತ್ತು. ಗೊತ್ತಿದ್ದೂ ಜನ ಹೋದರು, ಮತ್ತೆ ಮತ್ತೆ ಹೋದರು. ಪಿ.ಬಿ. ಧುತ್ತರಗಿಯವರ 'ಸಂಪತ್ತಿಗೆ ಸವಾಲ್' ನಾಟಕ 1974ರಲ್ಲಿ ಚಲನಚಿತ್ರವಾದಾಗ, ಎಮ್ಮೆಯ ಮೇಲೆ ಕುಳಿತ ರಾಜಕುಮಾರ್ ತಮ್ಮದೇ ಕಂಠದಲ್ಲಿ ಹಾಡಿದ ಹಾಡು ನಾಡಿಗೆಲ್ಲ ಮನೆಮಾತಾಯಿತು. ಕವಿಗಳು ಆನೆಯನ್ನೂ ಹಂಸವನ್ನೂ ಎಷ್ಟೋ ಹೊಗಳಿದ್ದರು. ಕೆರೆಯಲ್ಲಿ ಹೊರಳುವ ಎಮ್ಮೆಗೆ ಅಂಥ ಮನ್ನಣೆ ಕೊಡಿಸಿದ್ದು ಈ ಹಾಡು.

ಇನ್ನು ಎರಡನೆಯ ನಿದರ್ಶನ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲು ಸುಮಾರು ಕ್ರಿ.ಶ. 950ರದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗ ಬೂತುಗನು ಚೋಳರೊಡನೆ ತಕ್ಕೋಲದಲ್ಲಿ ಹೋರಾಡಿದಾಗ, ಮಣಲೇರನೆಂಬ ವೀರ ಅಪ್ರತಿಮ ಶೌರ್ಯ ತೋರಿಸಿದ. ಬೇಕಾದ್ದನ್ನು ಕೇಳೆಂದು ಬೂತುಗ ಹೇಳಿದಾಗ ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ದೊಡ್ಡ ಕಾಡುಹಂದಿಯೊಂದರ ಮೇಲೆ ಬಿದ್ದು ಹೋರಾಡಿ, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಅದರ ನೆನಪಿಗೆ ದೇವಾಲಯದ ಎದುರು ಕಲ್ಲು ನೆಡಿಸಿ, ಭೂಮಿಯನ್ನು ದತ್ತಿಯಾಗಿ ಬಿಟ್ಟರು. ಕಲ್ಲಿನ ಮೇಲೆ ನಾಯಿ ಮತ್ತು ಹಂದಿ ಕಾದಾಡುವ ಚಿತ್ರವಿದೆ. ಸುತ್ತಲೂ ಹಳಗನ್ನಡದ ಬರಹವಿದೆ. ಬರಹ, ಕಲೆ ಮತ್ತು ಪ್ರಾಣಿಪ್ರೀತಿ ಮೂರೂ ಒಂದೇ ಚಪ್ಪಡಿಯಲ್ಲಿ ಸೇರಿವೆ.

ಶಾಸನದ ಕೊನೆಯ ಭಾಗದಲ್ಲಿ ಒಂದು ಕಟ್ಟಳೆಯಿದೆ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು, ಅಂದರೆ ಶೈವ ಪೂಜಾರಿಯು, ಆ ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುವುದೆಂದು ಅದು ಹೇಳುತ್ತದೆ. ಕಲ್ಲು ನೆಡಿಸಿದವರಿಗೆ ಮನುಷ್ಯಸ್ವಭಾವ ತಿಳಿದಿತ್ತು. ಕಾಳಿಯನ್ನು ಕಣ್ಣಾರೆ ಕಂಡವರ ಬೆರಗು ಅವರೊಡನೆಯೇ ಮುಗಿಯುತ್ತದೆ. ಮುಂದಿನ ತಲೆಮಾರಿಗೆ ಅದು ಬರಿಯ ಕಲ್ಲಾಗುತ್ತದೆ ಎಂಬುದನ್ನು ಅವರು ಬಲ್ಲವರಾಗಿದ್ದರು. ಆದ್ದರಿಂದ ದಿನಕ್ಕೊಮ್ಮೆ, ಊಟಕ್ಕೆ ಮೊದಲು, ಒಬ್ಬನಾದರೂ ಅದರ ಮುಂದೆ ನಿಲ್ಲಬೇಕೆಂದು ವಿಧಿಸಿದರು. ಆ ಕೆಲಸಕ್ಕೆ ಭೂಮಿಯ ಆದಾಯವನ್ನೂ ಕೊಟ್ಟರು.

ಕೇಳುಗರೇ, ಭಾಷಣದ ಒಟ್ಟು ಮಾತನ್ನು ಇಲ್ಲಿ ಕೂಡಿಸಬಹುದು. ಆನೆ ಎತ್ತುಗಳ ಜೋಡಿಶಿಲ್ಪ, ಸಿಂಹದ ಕಿವಿಗೆ ಬಿದ್ದ ಗುಟುರು, ಕಾರಹುಣ್ಣಿಮೆಯ ಬಣ್ಣ, ಪಲ್ಯದ ಹಬ್ಬ, ಗೊತ್ತಿದ್ದ ಕಥೆಯ ನಾಟಕ, ಕಾಳಿಯ ಕಲ್ಲು ಇವೆಲ್ಲವೂ ಒಂದೇ ಸಮಸ್ಯೆಗೆ ಜನರು ಕಂಡುಕೊಂಡ ಬೇರೆ ಬೇರೆ ಪರಿಹಾರಗಳು. ರೂಢಿ ಕಣ್ಣನ್ನು ಮಂದ ಮಾಡುತ್ತದೆ ಎಂಬುದು ಆ ಸಮಸ್ಯೆ. ಅದಕ್ಕೆ ಮದ್ದಾಗಿ ಹಿಂದಿನವರು ಇನ್ನೊಂದು ರೂಢಿಯನ್ನೇ ನಿರ್ಮಿಸಿದರು.

ಇಂದು ಉಳುಮೆ ಟ್ರ್ಯಾಕ್ಟರಿಗೆ ಸಂದಿದೆ, ಕೊಟ್ಟಿಗೆಗಳು ಖಾಲಿಯಾಗುತ್ತಿವೆ. ಹೊಸ ನೋಟಗಳು ಕೈಯಲ್ಲಿರುವ ಫೋನಿನಲ್ಲಿ ಎಡೆಬಿಡದೆ ಬರುತ್ತವೆ, ಬಂದಷ್ಟೇ ಬೇಗ ಮರೆಯಾಗುತ್ತವೆ. ನೋಟಗಳಿಗೆ ಬರವಿಲ್ಲದ ಈ ಕಾಲದಲ್ಲಿ ಬರವಿರುವುದು ಮರುನೋಟಕ್ಕೆ. ಹಳೆಯ ಏರ್ಪಾಡುಗಳನ್ನು ಹಾಗೆಯೇ ನಡೆಸಲಾಗದವರು ತಮ್ಮ ಮನೆಗೆ ತಕ್ಕ ಏರ್ಪಾಡನ್ನು ಮಾಡಿಕೊಳ್ಳಬಹುದು. ಗ್ರಾಮ ಪಂಚಾಯಿತಿಯ ಗ್ರಂಥಾಲಯದಿಂದ ತಂದ ಒಂದು ಒಳ್ಳೆಯ ಪುಸ್ತಕವನ್ನು ವರ್ಷಕ್ಕೊಮ್ಮೆ ಮತ್ತೆ ಓದಬಹುದು. ಬಾದಾಮಿಗೆ ಹೋದ ಕುಟುಂಬ ನಾಲ್ಕು ಗುಹೆಗಳನ್ನೂ ಅವಸರದಲ್ಲಿ ಸುತ್ತುವ ಬದಲು ಒಂದೇ ಶಿಲ್ಪದ ಮುಂದೆ ಕಾಲು ಗಂಟೆ ನಿಲ್ಲಬಹುದು. ಮನೆಯ ನಾಯಿಗೋ ಬೆಕ್ಕಿಗೋ ದನಕ್ಕೋ ಮೇವು ನೀರಿಡುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸಿ, ಇಂದು ಅದು ನಿನ್ನೆಗಿಂತ ಹೇಗೆ ಬೇರೆಯಾಗಿತ್ತೆಂದು ಸಂಜೆ ಕೇಳಬಹುದು. ಮೊದಮೊದಲು ಉತ್ತರ ಬರಲಿಕ್ಕಿಲ್ಲ. ಪ್ರಶ್ನೆ ನಿಲ್ಲದಿದ್ದರೆ ಮಕ್ಕಳು ನೋಡಲು ತೊಡಗುತ್ತಾರೆ. ನೋಡಲು ತೊಡಗಿದವರಿಗೆ ಹೇಳುವುದಕ್ಕೆ ಏನಾದರೂ ಸಿಕ್ಕೇ ಸಿಗುತ್ತದೆ.